ಪೀಠಿಕೆ, ರಕ್ತ, ಉಪಸಂಹಾರ

ಗದಾಯುದ್ಧ ಪಾಠವಾಗಿದೆ, ಹಲಗಲಿಯ ದಂಗೆ ಪದ್ಯವಾಗಿದೆ, ಕರ್ಬಲಾ ಹಾಡಾಗಿದೆ. ಓದಲು, ಹಾಡಲು ಅಡ್ಡಿಯಿಲ್ಲದ ಹಿಂಸೆಯನ್ನು ಹೈಸ್ಕೂಲಿನ ಹುಡುಗ ತನ್ನ ಹಾಳೆಯಲ್ಲಿ ಬರೆದರೆ ಮಾತ್ರ ಶಾಲೆ ಬೆಚ್ಚಿಬೀಳುತ್ತದೆ. ಬರೆಯಲು ಬಿಡಬೇಕೇ? ಬಿಟ್ಟರೆ ಓದುವವರು ಯಾರು?

ಸೆಪ್ಟೆಂಬರ್ ಎರಡನೇ ವಾರ ಬಂತೆಂದರೆ ಕಲಬುರಗಿಯ ಡಿ.ಎ.ಆರ್. ಮೈದಾನದಲ್ಲಿ ಪೆರೇಡಿನ ತಾಲೀಮು. ಮಳೆಗೆ ಮೆತ್ತಗಾದ ನೆಲದ ಮೇಲೆ ಬೂಟಿನ ಸಪ್ಪಳ, ಸರ್ದಾರ್ ಪಟೇಲ್ ಪ್ರತಿಮೆಯ ಸುತ್ತ ಹೂವಿನ ಸಿದ್ಧತೆ, ಶಾಲೆಶಾಲೆಗೂ ಸುತ್ತೋಲೆ. ಹುಮನಾಬಾದ್ ರಸ್ತೆ ಹಿಡಿದು ಕೆಂಬಾಳೆಯ ಊರು ಕಮಲಾಪುರಕ್ಕೆ ಬಂದರೂ ಹೈಸ್ಕೂಲಿನ ನೋಟ ಬೇರೆಯಲ್ಲ. ಕರಿಹಲಗೆಯ ಮೇಲೆ ‘ಕಲ್ಯಾಣ ಕರ್ನಾಟಕ ಉತ್ಸವದ ಮಹತ್ವ’ ಎಂಬ ಪ್ರಬಂಧದ ವಿಷಯ, ಅದರ ಕೆಳಗೆ ಕನ್ನಡ ಶಾಲೆ ಹತ್ತಿದವರಿಗೆಲ್ಲ ಬಾಯಿಪಾಠವಾದ ಮೂರು ಮೆಟ್ಟಿಲು: ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ.

ಬಹುತೇಕ ಹಾಳೆಗಳು ಒಂದೇ ಅಚ್ಚಿನವು. ನಿಜಾಮ, ಪಟೇಲ್, ಸೆಪ್ಟೆಂಬರ್ 17, ಜೈ ಹಿಂದ್. ಎಲ್ಲೋ ಒಂದು ಹಾಳೆಯಲ್ಲಿ ಮಾತ್ರ ಮನೆಯೊಂದು ಹೊತ್ತಿ ಉರಿಯುತ್ತದೆ. ಮುತ್ಯಾ ತನ್ನ ಅಪ್ಪನಿಂದ ಕೇಳಿ ಹೇಳಿದ ನಿಜಾಮನ ಪರ ನಿಂತ ರಜಾಕಾರ ಪಡೆಯ ಹಾವಳಿ ಅದು: ರಾತ್ರೋರಾತ್ರಿ ಊರು ಬಿಟ್ಟದ್ದು, ಹೊಲದಲ್ಲಿ ಅಡಗಿ ಕೂತದ್ದು, ಅಳುವ ಕೂಸಿನ ಬಾಯಿಗೆ ಸೆರಗು ಒತ್ತಿದ್ದು. ನಗರದಲ್ಲಿ ದರ್ಗಾದ ಸುತ್ತಲಿನ ಓಣಿಯ ಹುಡುಗಿ ಬರೆದರೆ ಇನ್ನೊಂದು ಹಾಳೆ ಹುಟ್ಟುತ್ತದೆ: 1948ರ ಸೆಪ್ಟೆಂಬರ್ 17ರಂದು ನಿಜಾಮ ಮಣಿದ ಮೇಲಿನ ದಿನಗಳು, ಹೊರಗೆ ಹೋದ ನಾನಿಯ ದೊಡ್ಡಪ್ಪ ಮರಳದೆ ಹೋದ ಕಥೆ. ಇಂಥ ಹಾಳೆಗಳು ಈ ಜಿಲ್ಲೆಯ ಯಾವ ತರಗತಿಯಲ್ಲಾದರೂ ಬರಬಹುದು. ಎರಡಕ್ಕೂ ಸಿಗುವ ಷರಾ ಬಹುಮಟ್ಟಿಗೆ ಒಂದೇ: ‘ವಿಷಯಾಂತರ’.

ಎರಡೂ ಕಥೆಗಳಿಗೆ ಇತಿಹಾಸದ ಆಧಾರವಿದೆ. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣದ ಕಡೆಯ ಗೋರಟಾ ಗ್ರಾಮದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡಕ್ಕೆ ಅಲ್ಲಿ ಸ್ಮಾರಕವೇ ನಿಂತಿದೆ. ಭಾರತದ ಸೇನೆ ನಿಜಾಮನ ಸಂಸ್ಥಾನದ ಮೇಲೆ ನಡೆಸಿದ ‘ಪೊಲೀಸ್ ಕಾರ್ಯಾಚರಣೆ’ಯ ನಂತರ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ತಿಳಿಯಲು ನೆಹರೂ ಕಳುಹಿಸಿದ ಪಂಡಿತ ಸುಂದರಲಾಲ್ ಸಮಿತಿ, ಹೈದರಾಬಾದ್ ರಾಜ್ಯದಲ್ಲಿ 27 ಸಾವಿರದಿಂದ 40 ಸಾವಿರ ಜನ ಸತ್ತಿರಬಹುದೆಂದು ಅಂದಾಜಿಸಿತು. ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ಬೀದರ್, ನಾಂದೇಡ್‌ಗಳ ಜೊತೆ ಗುಲಬರ್ಗಾದ ಹೆಸರೂ ಇತ್ತು. ಆ ವರದಿ ಸಾರ್ವಜನಿಕರ ಕೈಗೆ ಸಿಕ್ಕಿದ್ದು 2013ರಲ್ಲಿ. ಎರಡೂ ಕಡೆಯವರ ಮರಿಮಕ್ಕಳು ಇಂದು ಒಂದೇ ಬೆಂಚಿನಲ್ಲಿ ಕೂತು, ಒಂದೇ ಗೈಡು ನೋಡಿ, ಒಂದೇ ಪ್ರಬಂಧ ಬರೆಯುತ್ತಾರೆ.

ಯಾರೂ ಹೊಡೆಯದ ಹಿಂಸೆ

ಹೈಸ್ಕೂಲಿನ ಬರವಣಿಗೆಯಲ್ಲಿ ಹಿಂಸೆಗೆ ಜಾಗ ಕೊಡಬೇಕೇ ಎಂದು ಚರ್ಚಿಸುವವರು ಒಂದು ಸಂಗತಿ ಮರೆಯುತ್ತಾರೆ, ಜಾಗ ಕೊಟ್ಟು ದಶಕಗಳೇ ಆಗಿವೆ. ‘ಸಾಮಾಜಿಕ ಪಿಡುಗುಗಳು’, ‘ವರದಕ್ಷಿಣೆ’, ‘ಬಾಲ್ಯವಿವಾಹ’, ‘ಭಯೋತ್ಪಾದನೆ’ ಎಂಬ ವಿಷಯಗಳಿಲ್ಲದ ಪ್ರಬಂಧಮಾಲೆ ಕನ್ನಡದಲ್ಲಿ ಸಿಗುವುದು ಕಷ್ಟ. ಇವೆಲ್ಲ ಹಿಂಸೆಯ ವಿಷಯಗಳೇ. ಆದರೆ ಆ ಪ್ರಬಂಧಗಳಲ್ಲಿ ಯಾರೂ ಯಾರಿಗೂ ಹೊಡೆಯುವುದಿಲ್ಲ. ಅನೇಕ ಹೆಣ್ಣುಮಕ್ಕಳು ಬಲಿಯಾಗುತ್ತಾರೆ, ಬಲಿ ಕೊಟ್ಟವರು ಕಾಣುವುದಿಲ್ಲ. ಬಾಲಕಾರ್ಮಿಕರು ಶೋಷಣೆಗೆ ಒಳಗಾಗುತ್ತಾರೆ, ದುಡಿಸಿಕೊಂಡವರ ಸುಳಿವಿರುವುದಿಲ್ಲ. ಕೊನೆಗೆ ಸರ್ಕಾರ ಕಠಿಣ ಕ್ರಮ ಕೈಗೊಳ್ಳಬೇಕು, ಜನರಲ್ಲಿ ಜಾಗೃತಿ ಮೂಡಬೇಕು ಎಂದು ಮುಗಿದರೆ ಪೂರ್ತಿ ಅಂಕ. ಅದೇ ವಿದ್ಯಾರ್ಥಿನಿ ಒಂದು ಮನೆ, ಒಬ್ಬ ಅತ್ತೆ, ಒಂದು ಸೀಮೆಎಣ್ಣೆ ಡಬ್ಬಿ ಇಟ್ಟು ಕಥೆ ಬರೆದರೆ ಹೆಡ್‌ಮಾಸ್ತರರ ಕೋಣೆಗೆ ಕರೆ ಬರುತ್ತದೆ.

ಹೀಗೆ ಹತ್ತು ವರ್ಷ ಬರೆದ ಮಗು ಏನು ಕಲಿಯುತ್ತದೆ? ಹಿಂಸೆ ಮಳೆಯಂತೆ ತಾನಾಗಿ ಸುರಿಯುತ್ತದೆ, ಅದಕ್ಕೆ ಹೊಣೆಗಾರರಿಲ್ಲ ಎಂದು. ನಾಳೆ ಈ ಮಕ್ಕಳು ಪತ್ರಕರ್ತರಾಗಬಹುದು, ಪೊಲೀಸರಾಗಬಹುದು, ಪಂಚನಾಮೆಗೆ ಸಾಕ್ಷಿಯಾಗಿ ಸಹಿ ಹಾಕಬಹುದು. ಯಾರು, ಯಾರಿಗೆ, ಏನು ಮಾಡಿದರು, ಆಮೇಲೆ ಏನಾಯಿತು ಎಂದು ನಾಲ್ಕು ಸಾಲು ನೆಟ್ಟಗೆ ಬರೆಯುವ ಶಕ್ತಿ ಆಗ ಬೇಕಾಗುತ್ತದೆ. ಆದ್ದರಿಂದ ಈ ಲೇಖನದ ವಾದ ಇಷ್ಟು: ಪ್ರೌಢಶಾಲೆಯ ಬರವಣಿಗೆಯಲ್ಲಿ ಹಿಂಸೆಗೆ ಜಾಗ ಇರಲಿ, ಆದರೆ ಅದು ಮಾಡಿದವನೊಂದಿಗೆ, ನೋವುಂಡವನೊಂದಿಗೆ, ಪರಿಣಾಮದೊಂದಿಗೆ ಬರಲಿ. ಬಂದ ಹಾಳೆಯನ್ನು ಅಂಕಕ್ಕಾಗಿ ತಿದ್ದುವ ಮೊದಲು ಓದುವ ಹಿರಿಯರೊಬ್ಬರು ಇರಲಿ.

ಓದಿಗೆ ಸಲ್ಲುವುದು ಬರಹಕ್ಕೆ ಸಲ್ಲದೇ?

ಹತ್ತನೇ ತರಗತಿಯ ಪ್ರಥಮ ಭಾಷೆ ಕನ್ನಡ ಪಠ್ಯವನ್ನು ತೆರೆದರೆ ಸಾರಾ ಅಬೂಬಕ್ಕರ್ ಅವರ ‘ಯುದ್ಧ’ ಕಥೆ ಎದುರಾಗುತ್ತದೆ. ಮುಂದೆ ಬ್ರಿಟಿಷರ ಗುಂಡಿಗೆ ಎದೆಯೊಡ್ಡಿದ ‘ಹಲಗಲಿ ಬೇಡರು’ ಲಾವಣಿ, ಕುಮಾರವ್ಯಾಸನ ಕರ್ಣ, ರನ್ನನ ದುರ್ಯೋಧನ. ಕನ್ನಡದ ದೊಡ್ಡ ಕಾವ್ಯಗಳಿಂದ ತೊಡೆ ಮುರಿಯುವುದನ್ನೂ ರಕ್ತ ಕುಡಿಯುವುದನ್ನೂ ತೆಗೆದರೆ ಕಾವ್ಯ ನಿಲ್ಲುವುದಿಲ್ಲ. ವಚನದ ಪಾಠ ಮಾಡುವಾಗ ಕಲ್ಯಾಣದಲ್ಲಿ ಹರಳಯ್ಯ, ಮಧುವರಸರಿಗೆ ಕೊಟ್ಟ ಶಿಕ್ಷೆಯನ್ನು ಬಿಟ್ಟರೆ ಶರಣರ ಚಳವಳಿಯ ಅಂತ್ಯವೇ ಅರ್ಥವಾಗುವುದಿಲ್ಲ. ಇನ್ನು ಈ ಭಾಗದ ಹಳ್ಳಿಗಳಲ್ಲಿ ಮೊಹರಂ ಬಂದರೆ ಹಿಂದೂ, ಮುಸ್ಲಿಂ ಎನ್ನದೆ ಹರೆಯದ ಹುಡುಗರು ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತ ರಿವಾಯತ ಪದ ಹೇಳುತ್ತಾರೆ. ನೀರಿಗಾಗಿ ಬಾಯಾರಿದ ಕೂಸು, ಕರ್ಬಲಾದ ಕಗ್ಗೊಲೆ, ತಾಯಂದಿರ ಗೋಳು ಎಲ್ಲವೂ ಅಚ್ಚಕನ್ನಡದಲ್ಲಿ ಹಾಡಾಗುತ್ತವೆ. ಹದಿನೈದರ ಹುಡುಗ ಹಾಡಬಹುದಾದದ್ದನ್ನು, ಓದಿ ಸಾರಾಂಶ ಬರೆಯಬಹುದಾದದ್ದನ್ನು, ಸ್ವಂತ ಮಾತಿನಲ್ಲಿ ಬರೆಯಬಾರದು ಎನ್ನುವುದಕ್ಕೆ ತರ್ಕವಿಲ್ಲ.

ಬರವಣಿಗೆಯನ್ನು ಕುರಿತು ಕನ್ನಡದಲ್ಲಿ ಇಂದು ಸಿಗುವ ಮೊದಲ ಪುಸ್ತಕ ಹುಟ್ಟಿದ್ದು ಇದೇ ಜಿಲ್ಲೆಯ ಮಳಖೇಡದ ರಾಷ್ಟ್ರಕೂಟ ಆಸ್ಥಾನದಲ್ಲಿ. ‘ಕವಿರಾಜಮಾರ್ಗ’ದ ಮೊದಲ ಪರಿಚ್ಛೇದ ಕಾವ್ಯದ ದೋಷಗಳನ್ನು ಎತ್ತಿ ತೋರಿಸುತ್ತದೆ. ಹೇಗೆ ಬರೆದರೆ ಕೆಡುತ್ತದೆ ಎಂಬುದು ಅಲ್ಲಿಯ ಕಾಳಜಿ. ಸಾವಿರದ ನೂರೈವತ್ತು ವರ್ಷಗಳ ಹಿಂದಿನ ಆ ಕಾಳಜಿ ಇಂದಿನ ಕನ್ನಡ ಶಿಕ್ಷಕರಿಗೂ ದಾರಿ ತೋರಬಲ್ಲದು. ವಿಷಯಕ್ಕೆ ಬೀಗ ಹಾಕುವುದು ಸುಲಭ, ಬರೆಯುವ ಬಗೆಯನ್ನು ತಿದ್ದುವುದು ಪಾಠ.

ಸಾವಳಗಿಯಲ್ಲಿ ಹುಟ್ಟಿದ ಗೀತಾ ನಾಗಭೂಷಣ ಅವರನ್ನು ನೆನೆಯಬೇಕಾದದ್ದು ಇಲ್ಲಿಯೇ. ಕಲಬುರಗಿಯ ಗಿರಣಿ ಕಾರ್ಮಿಕನ ಮಗಳು, ಈ ನೆಲದ ಆಡುಮಾತಿನಲ್ಲಿ ಹೊಡೆತ ತಿಂದ ಹೆಣ್ಣುಗಳ, ಹಸಿದ ಕೂಲಿಗಳ, ದೇವರ ಹೆಸರಿನಲ್ಲಿ ಮೈ ಮಾರಬೇಕಾದವರ ಕಥೆ ಬರೆದರು. ‘ಬದುಕು’ ಕಾದಂಬರಿಗೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರ ಕಥನದಿಂದ ಹಿಂಸೆಯನ್ನು ಹೆಕ್ಕಿ ತೆಗೆದರೆ ಉಳಿಯುವುದು ಭಾಷೆಯ ಸೊಗಡು ಮಾತ್ರ. ಅವರ ಹೆಸರನ್ನು ಜಿಲ್ಲೆಯ ಹೆಮ್ಮೆ ಎಂದು ಭಾಷಣದಲ್ಲಿ ಹೇಳಿ, ಅದೇ ವಸ್ತುವನ್ನು ಅದೇ ಜಿಲ್ಲೆಯ ಹುಡುಗಿ ಬರೆದಾಗ ಕೆಂಪು ಶಾಯಿ ಎಳೆಯುವುದು ಸರಿಹೊಂದದು.

> ಬಾಕ್ಸ್: ಸೆಪ್ಟೆಂಬರ್ 17ರ ಹಿಂದೆ ಮುಂದೆ
>
> • 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದ್ ಸಂಸ್ಥಾನ ಪ್ರವೇಶಿಸಿತು. ಹೆಸರು ‘ಆಪರೇಷನ್ ಪೋಲೋ’, ಜನರ ಬಾಯಲ್ಲಿ ‘ಪೊಲೀಸ್ ಆ್ಯಕ್ಷನ್’.
> • ಸೆಪ್ಟೆಂಬರ್ 17ರಂದು ನಿಜಾಮ ಮಣಿದ.
> • 1956ರ ನವೆಂಬರ್ 1ರಂದು ಕಲಬುರಗಿ, ಬೀದರ್, ರಾಯಚೂರು ಭಾಗಗಳು ಮೈಸೂರು ರಾಜ್ಯ ಸೇರಿದವು.
> • 2014ರ ನವೆಂಬರ್ 1ರಿಂದ ಗುಲಬರ್ಗಾ ಅಧಿಕೃತವಾಗಿ ಕಲಬುರಗಿ. 2019ರಲ್ಲಿ ‘ಹೈದರಾಬಾದ್ ಕರ್ನಾಟಕ’ ಹೋಗಿ ‘ಕಲ್ಯಾಣ ಕರ್ನಾಟಕ’ ಬಂತು.

ಹಿಟ್ಟಿನ ಕೋಳಿಯ ಆಕ್ಷೇಪ

ಈ ವಾದಕ್ಕೆ ಎದುರಾಗುವ ಅತಿ ಗಟ್ಟಿ ಆಕ್ಷೇಪ ನಮ್ಮ ಸಾಹಿತ್ಯದ ಒಳಗಿನಿಂದಲೇ ಬರುತ್ತದೆ. ಜನ್ನನ ‘ಯಶೋಧರ ಚರಿತೆ’ 1209ರ ಕಾವ್ಯ. ದೋಷ ಪರಿಹಾರಕ್ಕೆ ಕೋಳಿ ಬಲಿ ಕೊಡೆಂದು ತಾಯಿ ಒತ್ತಾಯಿಸಿದಾಗ, ಜೀವ ತೆಗೆಯಲೊಲ್ಲದ ಯಶೋಧರ ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ. ಸತ್ತದ್ದು ಹಿಟ್ಟು. ಆದರೂ ಕೊಲ್ಲುವ ಸಂಕಲ್ಪ ಮಾಡಿದ ಪಾಪಕ್ಕೆ ತಾಯಿ, ಮಗ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ನರಳುತ್ತಾರೆ. ಕಲ್ಪನೆಯಲ್ಲಿ ಕೊಂದರೂ ಕೊಂದಂತೆಯೇ ಎನ್ನುವವರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಹಾಳೆಯ ಮೇಲೆ ಕತ್ತಿ ಬೀಸುವ ಹುಡುಗನೂ ಹಿಟ್ಟಿನ ಕೋಳಿಯನ್ನೇ ಕಡಿಯುತ್ತಿದ್ದಾನೆ ಎಂದು ಅವರು ಹೇಳಬಹುದು.

ಆದರೆ ಜನ್ನ ತಾನೇ ಏನು ಮಾಡಿದ ಎಂದು ನೋಡಬೇಕು. ಸಂಕಲ್ಪ ಹಿಂಸೆಯೂ ಪಾಪ ಎಂದು ಓದುಗರ ಎದೆಗೆ ತಾಗಿಸಲು ಅವನು ಬಲಿಗಂಬದ ಮುಂದೆ ನಿಂತ ಎಳೆಯ ಅಣ್ಣತಂಗಿಯರನ್ನು ಬರೆದ. ಗಂಡನಿಗೂ ಅತ್ತೆಗೂ ವಿಷವಿಕ್ಕುವ ಅಮೃತಮತಿಯನ್ನು ಬರೆದ. ಕತ್ತಿ ಹಿರಿದು ಮತ್ತೆ ಒರೆಗಿಟ್ಟುಕೊಳ್ಳುವ ಯಶೋಧರನನ್ನು ಬರೆದ. ಹಿಂಸೆಯನ್ನು ಬರೆಯದೆ ಅಹಿಂಸೆಯನ್ನು ಹೇಳುವ ದಾರಿ ಅವನಿಗೂ ಸಿಗಲಿಲ್ಲ. ಯಶೋಧರ ಕಡಿದದ್ದು ಫಲ ಬಯಸಿ, ಕೊಂದಂತೆಯೂ ಆಗಬೇಕು ಪಾಪವೂ ತಟ್ಟಬಾರದು ಎಂಬ ಎರಡು ಮನಸ್ಸಿನಿಂದ. ಜನ್ನ ಬರೆದದ್ದು ಅದರ ಬೆಲೆ ಎಷ್ಟೆಂದು ತೋರಿಸಲು. ಇಬ್ಬರ ನಡುವಿನ ವ್ಯತ್ಯಾಸವೇ ಶಿಕ್ಷಕರ ಕೈಗೆ ಅಳತೆಗೋಲು. ಹಾಳೆಯಲ್ಲಿ ಹಿಂಸೆ ಇದೆಯೇ ಎಂದು ಹುಡುಕುವುದಕ್ಕಿಂತ, ಬರೆದ ಹಿಂಸೆಗೆ ಬೆಲೆ ತೆತ್ತವರು ಯಾರು ಎಂದು ವಿದ್ಯಾರ್ಥಿಯನ್ನೇ ಕೇಳುವುದು ಹೆಚ್ಚು ಉಪಯುಕ್ತ.

ಮಚ್ಚು ಹಿಡಿದ ಹೀರೋ

ಎರಡನೆಯ ಆಕ್ಷೇಪ ಬೀದಿಯದು. ಮಕ್ಕಳಿಗೆ ಬರೆಯಲು ಬಿಟ್ಟರೆ ಅವರು ಬರೆಯುವುದು ಕರ್ಬಲಾವನ್ನೂ ಅಲ್ಲ, ಗೋರಟಾವನ್ನೂ ಅಲ್ಲ, ಸಿನಿಮಾ ಫೈಟನ್ನು ಎಂಬುದು. ಇದರಲ್ಲಿ ಹುರುಳಿದೆ. 1995ರ ‘ಓಂ’ ಚಿತ್ರದಿಂದ ‘ಕೆಜಿಎಫ್’ವರೆಗೆ ಲಾಂಗು, ಮಚ್ಚು, ಬಂದೂಕು ಹಿಡಿದ ನಾಯಕರನ್ನು ನೋಡಿಯೇ ಎರಡು ತಲೆಮಾರುಗಳು ಬೆಳೆದಿವೆ. ಈಗ ಮಚ್ಚು ಬೀಸುವ ಮೂವತ್ತು ಸೆಕೆಂಡಿನ ರೀಲ್ಸ್ ಹುಡುಗರ ಮೊಬೈಲಿನಲ್ಲಿ ಹರಿದಾಡುತ್ತವೆ. ಹಾಳೆ ಕೊಟ್ಟರೆ ಮೊದಲ ಪ್ರಯತ್ನದಲ್ಲಿ ಅದೇ ಇಳಿಯುತ್ತದೆ: ಇಪ್ಪತ್ತು ಹೆಣ, ಒಬ್ಬ ಹೀರೋ, ಹಿನ್ನೆಲೆ ಸಂಗೀತ.

ಆದರೆ ಆ ಹಾಳೆ ಬಂದಾಗಲೇ ಪಾಠ ಆರಂಭವಾಗುತ್ತದೆ. ಪರದೆಯ ಮೇಲೆ ಬಿದ್ದ ಇಪ್ಪತ್ತನೆಯ ರೌಡಿಗೆ ಹೆಸರಿಲ್ಲ, ಅವನ ಹೆಣ ಒಯ್ಯುವವರಿಲ್ಲ, ಮನೆಯಲ್ಲಿ ಕಾಯುವವರಿಲ್ಲ. ಬರವಣಿಗೆಯಲ್ಲಿ ಶಿಕ್ಷಕರು ಇವನ್ನೆಲ್ಲ ಕೇಳಬಹುದು. ಇವನ ಹೆಸರೇನು, ಯಾವ ಊರು, ಸುದ್ದಿ ಮನೆಗೆ ತಲುಪಿಸಿದವರು ಯಾರು, ಕಲಬುರಗಿಯ ಜಿಮ್ಸ್ ಆಸ್ಪತ್ರೆಯ ಶವಾಗಾರದ ಹೊರಗೆ ರಾತ್ರಿಯಿಡೀ ಕೂತವರು ಯಾರು, ಕೊಂದವನ ತಂಗಿಯ ಮದುವೆ ಏನಾಯಿತು. ಇಪ್ಪತ್ತು ಹೆಣಗಳ ಕಥೆ ಎರಡನೆಯ ಕರಡಿನಲ್ಲಿ ಒಂದು ಹೆಣಕ್ಕೆ ಇಳಿಯುತ್ತದೆ, ಆ ಒಂದೇ ಸಾವು ಮೊದಲಿನ ಇಪ್ಪತ್ತಕ್ಕಿಂತ ಭಾರವಾಗುತ್ತದೆ. ರೀಲ್ಸ್ ನೋಡುವ ಹುಡುಗನಿಗೆ ಹಿಂಸೆಯ ಪರಿಣಾಮವನ್ನು ಯೋಚಿಸಲು ಹಚ್ಚುವ ಸಾಧನ ಶಾಲೆಯ ಬಳಿ ಇರುವುದು ಇದೊಂದೇ. ಅದನ್ನು ನಿಷೇಧಿಸಿದರೆ ಹುಡುಗನ ತಲೆಯೊಳಗಿನ ಸಿನಿಮಾ ಮಾತ್ರ ಉಳಿಯುತ್ತದೆ.

ಸಂಸ್ಕೃತ ನಾಟ್ಯಪರಂಪರೆ ಯುದ್ಧ, ಸಾವುಗಳನ್ನು ರಂಗದ ಮೇಲೆ ನೇರ ತೋರಿಸದೆ ಪಾತ್ರಗಳ ಬಾಯಿಂದ ಸೂಚಿಸಬೇಕೆಂದು ಹೇಳಿದ್ದು ಹೆದರಿಕೆಯಿಂದಲ್ಲ. ಅದೇ ಪರಂಪರೆಯಲ್ಲಿ ರೌದ್ರ, ಭಯಾನಕ, ಬೀಭತ್ಸಗಳು ರಸಗಳೆಂದು ಮಾನ್ಯವಾಗಿವೆ. ತೋರಿಸುವುದಕ್ಕೂ ಸೂಚಿಸುವುದಕ್ಕೂ ಇರುವ ಅಂತರವನ್ನು ಒಂಬತ್ತನೇ ತರಗತಿಯಲ್ಲೇ ಕಲಿಸಬಹುದು.

ಬರೆದವನೇ ಅಪಾಯವೇ?

ಮೂರನೆಯ ಆಕ್ಷೇಪ ಭಯದ್ದು: ಹಿಂಸೆ ಬರೆಯುವವನು ನಾಳೆ ಹಿಂಸೆ ಮಾಡಿಬಿಟ್ಟರೆ? ಅಮೆರಿಕದಲ್ಲಿ ಶಾಲೆಗಳ ಮೇಲೆ ಗುಂಡಿನ ದಾಳಿಗಳಾದ ಮೇಲೆ ಈ ಪ್ರಶ್ನೆಗೆ ಉತ್ತರ ಹುಡುಕಿದ್ದು ಅಲ್ಲಿಯ ಸೀಕ್ರೆಟ್ ಸರ್ವಿಸ್ ಮತ್ತು ಶಿಕ್ಷಣ ಇಲಾಖೆ. 1974ರಿಂದ 2000ದವರೆಗಿನ 37 ದಾಳಿಗಳನ್ನು, 41 ದಾಳಿಕೋರರನ್ನು ಪರಿಶೀಲಿಸಿದ ವರದಿ 2002ರಲ್ಲಿ ಬಂತು. ದಾಳಿಕೋರರಲ್ಲಿ ಶೇ 37ರಷ್ಟು ಮಂದಿ ತಮ್ಮ ಕವಿತೆ, ಪ್ರಬಂಧ, ದಿನಚರಿಗಳಲ್ಲಿ ಹಿಂಸೆಯ ಬಗ್ಗೆ ಆಸಕ್ತಿ ತೋರಿದ್ದರು. ನಿಷೇಧ ಬೇಕೆನ್ನುವವರು ಈ ಅಂಕಿಯನ್ನು ಮುಂದಿಡುತ್ತಾರೆ. ಅದೇ ಅಂಕಿಯನ್ನು ತಿರುಗಿಸಿ ಓದಿದರೆ ಹೆಚ್ಚಿನವರು ಹಾಗೆ ಬರೆದಿರಲಿಲ್ಲ. ಕಾಲು ಶತಮಾನದಲ್ಲಿ ದಾಳಿ ಮಾಡಿದವರು 41 ಮಂದಿ. ಅದೇ ಅವಧಿಯಲ್ಲಿ ರಕ್ತಸಿಕ್ತ ಕಥೆ ಬರೆದು ಸುಮ್ಮನೆ ಬೆಳೆದು ದೊಡ್ಡವರಾದ ಹದಿಹರೆಯದವರ ಸಂಖ್ಯೆಗೆ ಲೆಕ್ಕವಿಲ್ಲ. ದಾಳಿಕೋರನನ್ನು ಮೊದಲೇ ಗುರುತಿಸುವ ಖಚಿತ ಚಹರೆ ಇಲ್ಲ ಎಂದು ವರದಿಯೇ ಹೇಳಿತು.

ಅದೇ ವರದಿಯ ಇನ್ನೊಂದು ಅಂಕಿ ಹೆಚ್ಚು ಮುಖ್ಯ. ಶೇ 81ರಷ್ಟು ಘಟನೆಗಳಲ್ಲಿ ದಾಳಿಕೋರನ ಯೋಜನೆ ಕನಿಷ್ಠ ಒಬ್ಬರಿಗಾದರೂ ಮೊದಲೇ ಗೊತ್ತಿತ್ತು, ಬಹುಪಾಲು ಅವರು ಗೆಳೆಯರು, ಸಹಪಾಠಿಗಳು. ಹಿರಿಯರ ಕಿವಿಗೆ ಅದು ಬಿದ್ದದ್ದು ತೀರ ವಿರಳ. ಮಕ್ಕಳು ಮನಸ್ಸಿನಲ್ಲಿರುವುದನ್ನು ಬರೆದರೆ ಶಿಕ್ಷೆ ಸಿಗುವ ಶಾಲೆಯಲ್ಲಿ ಆ ಕಿವಿ ಇನ್ನಷ್ಟು ಕಿವುಡಾಗುತ್ತದೆ.

> ಬಾಕ್ಸ್: ಕವಿತೆಗೆ ಜೈಲು, ಡೈನೊಸಾರ್‌ಗೆ ಕೈಕೋಳ
>
> • ಕ್ಯಾಲಿಫೋರ್ನಿಯಾ: ಸಹಪಾಠಿಗಳಿಗೆ ಕರಾಳ ಕವಿತೆ ಕೊಟ್ಟ 15 ವರ್ಷದ ಹುಡುಗನಿಗೆ ಬೆದರಿಕೆಯ ಆರೋಪದಲ್ಲಿ 100 ದಿನದ ಬಂಧನ ವಿಧಿಸಲಾಯಿತು. 2004ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು. ಹುಡುಗನ ಪರ ನಿಂತ ಲೇಖಕರಲ್ಲಿ ನೊಬೆಲ್ ಪುರಸ್ಕೃತ ಜೆ.ಎಂ. ಕುಟ್ಸೀ ಒಬ್ಬರು.
> • ಇಲಿನಾಯ್: 2007ರಲ್ಲಿ, ಮನಸ್ಸಿಗೆ ಬಂದದ್ದನ್ನು ತಡೆಯಿಲ್ಲದೆ ಬರೆಯಿರಿ ಎಂಬ ತರಗತಿ ಅಭ್ಯಾಸಕ್ಕೆ ಹಿಂಸೆಯ ಸಾಲು ಬರೆದ ವಿದ್ಯಾರ್ಥಿಯ ಬಂಧನ. ಆಮೇಲೆ ಆರೋಪ ವಾಪಸ್.
> • ಸೌತ್ ಕೆರೊಲಿನಾ: 2014ರಲ್ಲಿ, ಪಕ್ಕದ ಮನೆಯವರ ಸಾಕು ಡೈನೊಸಾರನ್ನು ಗುಂಡಿಟ್ಟು ಕೊಂದೆ ಎಂದು ಬರೆದ 16 ವರ್ಷದ ಹುಡುಗನ ಅಮಾನತು, ಬಂಧನ.

ಬೀದರ್‌ನ ನಾಟಕ, ಕಲಬುರಗಿಯ ತೀರ್ಪು

ಇಂಥದ್ದೆಲ್ಲ ದೂರದ ದೇಶದ ಮಾತು ಎನ್ನುವಂತಿಲ್ಲ. 2020ರ ಜನವರಿಯಲ್ಲಿ ಬೀದರ್‌ನ ಶಾಹೀನ್ ಶಾಲೆಯ ಎಳೆಯ ಮಕ್ಕಳು ಪೌರತ್ವ ತಿದ್ದುಪಡಿ ಕಾಯ್ದೆಯ ಬಗ್ಗೆ ನಾಟಕ ಆಡಿದರು. ಅದರಲ್ಲಿ ಪ್ರಧಾನಿಯನ್ನು ಅವಮಾನಿಸುವ, ಚಪ್ಪಲಿಯೇಟಿನ ಮಾತು ಇತ್ತೆಂದು ದೂರು ದಾಖಲಾಯಿತು. ರಾಜದ್ರೋಹದ ಪ್ರಕರಣ, ಶಿಕ್ಷಕಿಯೊಬ್ಬರ ಮತ್ತು ವಿದ್ಯಾರ್ಥಿನಿಯ ತಾಯಿಯ ಬಂಧನ, ಶಾಲೆಯೊಳಗೆ ಮಕ್ಕಳ ವಿಚಾರಣೆ. ಸಮವಸ್ತ್ರ ತೊಟ್ಟು, ಶಸ್ತ್ರ ಹಿಡಿದು ಮಕ್ಕಳನ್ನು ಪ್ರಶ್ನಿಸಿದ್ದನ್ನು 2021ರಲ್ಲಿ ಹೈಕೋರ್ಟ್ ಆಕ್ಷೇಪಿಸಿತು. 2023ರ ಜೂನ್‌ನಲ್ಲಿ ಕಲಬುರಗಿ ಪೀಠ ಪ್ರಕರಣವನ್ನೇ ರದ್ದು ಮಾಡಿತು. ನಾಟಕ ಶಾಲೆಯ ಆವರಣದೊಳಗೆ ನಡೆದದ್ದು, ಹಿಂಸೆಗೆ ಪ್ರಚೋದನೆ ಅದರಲ್ಲಿರಲಿಲ್ಲ ಎಂಬುದು ಅದರ ನಿಲುವಿನ ತಿರುಳು.

ಅದೇ ತೀರ್ಪು ಶಾಲೆಗಳಿಗೆ ಬುದ್ಧಿಮಾತನ್ನೂ ಹೇಳಿತು: ಮಕ್ಕಳನ್ನು ಸರ್ಕಾರದ ಟೀಕೆಯಿಂದ ದೂರವಿಡಿ, ಕಲಿಕೆಯ ಆಸಕ್ತಿ ಬೆಳೆಸುವ ಸೃಜನಶೀಲ ವಸ್ತುಗಳನ್ನು ಆರಿಸಿ ಎಂಬ ಅರ್ಥದಲ್ಲಿ. ಈ ಕಿವಿಮಾತನ್ನು ತಳ್ಳಿಹಾಕುವ ಅಗತ್ಯವಿಲ್ಲ. ಹಿರಿಯರು ಬರೆದುಕೊಟ್ಟ ರಾಜಕೀಯ ಮಾತನ್ನು ಮಕ್ಕಳ ಬಾಯಲ್ಲಿ ಹೇಳಿಸುವುದಕ್ಕೂ, ಮಗು ತಾನು ಕಂಡದ್ದನ್ನು, ಕೇಳಿದ್ದನ್ನು ತಾನೇ ಬರೆಯುವುದಕ್ಕೂ ವ್ಯತ್ಯಾಸವಿದೆ. ಬೀದರ್ ಪ್ರಕರಣ ದೊಡ್ಡದಾದದ್ದು ನಾಟಕದ ವಿಡಿಯೊ ಫೇಸ್‌ಬುಕ್ಕಿಗೆ ಏರಿದ ಮೇಲೆ. ತರಗತಿಗಾಗಿ ಹುಟ್ಟಿದ್ದು ತರಗತಿಯಲ್ಲಿಯೇ ಇದ್ದರೆ ಮಗುವಿಗೂ ಶಿಕ್ಷಕರಿಗೂ ರಕ್ಷಣೆ. ವಿದ್ಯಾರ್ಥಿಯ ಹಾಳೆಯನ್ನು ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ, ಒಪ್ಪಿಗೆಯಿಲ್ಲದೆ ಗೋಡೆಪತ್ರಿಕೆಗೆ ಅಂಟಿಸುವ ಚಾಳಿಗೆ ಶಾಲೆಗಳು ಮೊದಲು ಕಡಿವಾಣ ಹಾಕಬೇಕು. ದರ್ಗಾ ಮತ್ತು ಶರಣಬಸವೇಶ್ವರ ಗುಡಿ ಎರಡಕ್ಕೂ ನಡೆದುಕೊಳ್ಳುವ ಊರಿನಲ್ಲಿ ಕೋಮು ಸೌಹಾರ್ದ ಕೆಡುತ್ತದೆಂಬ ಅಳುಕಿಗೂ ಇದೇ ಉತ್ತರ. 1948ರ ಎರಡೂ ನೆನಪುಗಳು ಗೈಡಿನಿಂದ ಹೊರಗುಳಿದರೆ ಅವು ಅಳಿಸಿಹೋಗುವುದಿಲ್ಲ, ಒಂದೊಂದು ಓಣಿಯಲ್ಲಿ ಒಂದೊಂದಾಗಿ, ಎದುರು ಕಡೆಯ ನೋವಿನ ಸುದ್ದಿಯಿಲ್ಲದೆ, ಇನ್ನಷ್ಟು ಕಹಿಯಾಗಿ ಉಳಿಯುತ್ತವೆ. ಒಂದೇ ತರಗತಿಯ ಎರಡು ಹಾಳೆಗಳಾದರೆ ಒಂದನ್ನೊಂದು ತೂಗುತ್ತವೆ.

ಹಾಳೆಯೇ ದೂರಾದರೆ

ಮಕ್ಕಳು ಬರೆಯುವ ಹಿಂಸೆಯೆಲ್ಲ ಕಲ್ಪನೆಯದಲ್ಲ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನ ನೆರೆಯ ಆಂಧ್ರ, ಮಹಾರಾಷ್ಟ್ರ ಸೇರಿ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿತು. ಮೂವರಲ್ಲಿ ಇಬ್ಬರು ದೈಹಿಕ ಹಿಂಸೆಗೆ ಒಳಗಾಗಿದ್ದರು, ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳ ಕಂಡಿದ್ದರು, ಬಹುತೇಕರು ಯಾರಿಗೂ ಹೇಳಿರಲಿಲ್ಲ. ಬಾಯಿಬಿಟ್ಟು ಹೇಳಲಾಗದ್ದು ಕೆಲವೊಮ್ಮೆ ‘ಒಬ್ಬ ಹುಡುಗಿ ಇದ್ದಳು’ ಎಂಬ ಕಥೆಯಾಗಿ ಹಾಳೆಗೆ ಬರುತ್ತದೆ. ನೋವನ್ನು ಬರೆಯುವುದರಿಂದ ಉಪಯೋಗವಿದೆಯೇ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಸಹೋದ್ಯೋಗಿಯೊಂದಿಗೆ ಪರೀಕ್ಷಿಸಿದರು. ನಾಲ್ಕು ದಿನ, ದಿನಕ್ಕೆ 15 ನಿಮಿಷ ತಮ್ಮ ಆಘಾತದ ಸಂಗತಿಯನ್ನೂ ಭಾವನೆಯನ್ನೂ ಬರೆದ ಕಾಲೇಜು ವಿದ್ಯಾರ್ಥಿಗಳು ಆ ಹೊತ್ತಿಗೆ ಕುಗ್ಗಿದರೂ ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿ ಹೋದದ್ದು ಕಡಿಮೆ. ನಂತರದ ಅಧ್ಯಯನಗಳು ಈ ಲಾಭ ಸಣ್ಣದೆಂದು ತೋರಿಸಿವೆ. ಬರವಣಿಗೆ ಚಿಕಿತ್ಸೆಯ ಬದಲಿಯಾಗದು, ಚಿಕಿತ್ಸೆಯ ಕಡೆಗೆ ಬಾಗಿಲಾಗಬಹುದು.

ಶಿಕ್ಷಕರ ದಿಗಿಲು ಇಲ್ಲಿಯೇ: ನಾವು ಕನ್ನಡ ಕಲಿಸಲು ಬಂದವರು, ಮನೋವೈದ್ಯರಲ್ಲ. ನ್ಯಾಯವಾದ ಮಾತು. ಅವರು ಮನೋವೈದ್ಯರಾಗಬೇಕಿಲ್ಲ, ಮೂರು ಬಗೆಯ ಹಾಳೆಗಳನ್ನು ಬೇರೆ ಮಾಡಲು ಬಂದರೆ ಸಾಕು. ಕಲ್ಪನೆಯ ಕಥೆಯನ್ನು ಕಥೆಯಾಗಿ ತಿದ್ದಬೇಕು. ನಿಜವಾದ ಸಹಪಾಠಿಯ ಹೆಸರು, ಜಾಗ, ಹೊತ್ತು, ಆಯುಧ ಒಟ್ಟಿಗೆ ಬಂದ ಬರಹವನ್ನು ಸಾಹಿತ್ಯವೆಂದು ನೋಡದೆ ಅಂದೇ ಹೆಡ್‌ಮಾಸ್ತರರಿಗೂ ಪೋಷಕರಿಗೂ ತಿಳಿಸಬೇಕು. ಮಗುವಿನ ಸ್ವಂತ ನೋವು ಅಥವಾ ಸಾಯುವ ಮಾತು ಕಂಡರೆ ಅಂಕ ಹಾಕುವ ಮೊದಲು ಮಗುವಿನೊಡನೆ ಕೂತು ಮಾತಾಡಬೇಕು. 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಹೇಳುತ್ತದೆ. ಅಂಥ ಹಾಳೆಯ ಮೇಲೆ ‘ವಿಷಯಾಂತರ’ ಎಂದು ಬರೆಯುವುದು ಅಪಾಯಕಾರಿ.

> ಬಾಕ್ಸ್: ಶಿಕ್ಷಕರು ತಿಳಿದಿರಬೇಕಾದದ್ದು
>
> • ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದ ವಿಷಯ ತಿಳಿದರೆ ಪೊಲೀಸರಿಗೆ ತಿಳಿಸುವುದು ಪೋಕ್ಸೊ ಕಾಯ್ದೆ, 2012ರ 19ನೇ ಸೆಕ್ಷನ್ ಪ್ರಕಾರ ಕಡ್ಡಾಯ. ತಿಳಿಸದಿದ್ದರೆ 21ನೇ ಸೆಕ್ಷನ್‌ನಡಿ ಆರು ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು.
> • ಮಕ್ಕಳ ಸಹಾಯವಾಣಿ: 1098
> • ಮಾನಸಿಕ ಆರೋಗ್ಯಕ್ಕೆ ಟೆಲಿ ಮನಸ್: 14416
> • ಮನೆಯ ಹಿಂಸೆಯ ಬಗ್ಗೆ ಬರೆಯಲು ಯಾವ ಮಗುವನ್ನೂ ಒತ್ತಾಯಿಸಬಾರದು. ಪರ್ಯಾಯ ವಿಷಯ ಸದಾ ಇರಲಿ.
> • ಕೊಲ್ಲುವ, ಸಾಯುವ ವಿಧಾನದ ವಿವರ ಕಥೆಗೆ ಬೇಕಿಲ್ಲ.

ಮೊದಲು ಪಾಸಾಗಲಿ ಎನ್ನುವವರಿಗೆ

ಕೊನೆಯ ಆಕ್ಷೇಪ ಅತ್ಯಂತ ವ್ಯಾವಹಾರಿಕ. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ–1ರಲ್ಲಿ ರಾಜ್ಯದ ಫಲಿತಾಂಶ ಶೇ 66.14, ಕಲಬುರಗಿಯದು ಶೇ 42.43, ರಾಜ್ಯಕ್ಕೇ ಕೊನೆ. ನೆಟ್ಟಗೆ ಒಂದು ವಾಕ್ಯ ಬರೆಯಲು ಬಾರದ ಮಕ್ಕಳಿಗೆ ಕಥೆಯ ನೀತಿ ಹೇಳುವುದು ಐಷಾರಾಮವಲ್ಲವೇ? ತರಗತಿಯೊಂದರಲ್ಲಿ ಅರವತ್ತು ನೋಟ್‌ಬುಕ್, ಖಾಲಿ ಹುದ್ದೆ, ಅತಿಥಿ ಶಿಕ್ಷಕರು, ತಿದ್ದಲು ಪುರಸೊತ್ತೆಲ್ಲಿ?

ವಾಕ್ಯ ಬಾರದಿರುವುದಕ್ಕೂ ಹೇಳಲು ಏನೂ ಇಲ್ಲದ ಪ್ರಬಂಧಕ್ಕೂ ನಂಟಿದೆ. ‘ಗ್ರಂಥಾಲಯಗಳ ಮಹತ್ವ’ವನ್ನು ಗ್ರಂಥಾಲಯವೇ ಇಲ್ಲದ ಊರಿನ ಮಗು ಉರುಹೊಡೆದು ಬರೆಯುತ್ತದೆ, ಒಂದು ಸಾಲು ಮರೆತರೆ ಮುಂದಿನದೆಲ್ಲ ಕುಸಿಯುತ್ತದೆ. ತಾನು ಕಂಡ ಜಗಳವನ್ನು, ಮುತ್ಯಾ ಹೇಳಿದ ಹಾವಳಿಯನ್ನು ಬರೆಯುವ ಮಗುವಿಗೆ ಮರೆಯುವ ಭಯವಿಲ್ಲ, ಕ್ರಮವಾಗಿ ಹೇಳುವ ಅಗತ್ಯ ತಾನಾಗಿ ಹುಟ್ಟುತ್ತದೆ. ಮೊದಲು ಏನಾಯಿತು, ಆಮೇಲೆ ಏನಾಯಿತು, ಯಾಕೆ ಎಂಬ ಮೂರು ಪ್ರಶ್ನೆಗಳೇ ಕರ್ತೃ, ಕ್ರಿಯಾಪದ, ಕಾಲಗಳ ವ್ಯಾಕರಣವನ್ನು ಎಳೆದು ತರುತ್ತವೆ. ಹಿಂಸೆಯನ್ನೇ ಬರೆಯಿಸಬೇಕೆಂದಿಲ್ಲ. ಬರೆಯಬೇಕೆನಿಸಿದ್ದನ್ನು ಬರೆಯಲು ಬಿಟ್ಟಾಗ ಹಿಂಸೆ ಬಂದರೆ ಅದನ್ನು ಹೊರಗಟ್ಟಬಾರದು, ಅಷ್ಟೆ.

ತಿದ್ದುವ ಪುರಸೊತ್ತಿನ ಪ್ರಶ್ನೆ ಮಾತ್ರ ನಿಜವಾದದ್ದು. ಇದಕ್ಕೆ ಉತ್ತರ ಶಿಕ್ಷಕರ ಒಳ್ಳೆಯತನದಿಂದ ಬರುವುದಿಲ್ಲ, ವ್ಯವಸ್ಥೆಯಿಂದ ಬರಬೇಕು. ಜಿಲ್ಲೆಯ ಶಿಕ್ಷಕರಿಗೆ ತರಬೇತಿ ಕೊಡುವ ಡಯಟ್ ಇರುವುದು ಕಮಲಾಪುರದಲ್ಲಿಯೇ. ಅಲ್ಲಿಯ ಭಾಷಾ ತರಬೇತಿಯಲ್ಲಿ ಒಂದು ದಿನ ಇದಕ್ಕೆ ಮೀಸಲಾಗಲಿ: ಮೂರು ಬಗೆಯ ಹಾಳೆ ಬೇರೆ ಮಾಡುವುದು, ಕಥೆಯನ್ನು ಪ್ರಶ್ನೆಗಳಿಂದ ತಿದ್ದುವುದು, ಪೋಕ್ಸೊ ಕಾಯ್ದೆಯ ಹೊಣೆ. ತಿಂಗಳಿಗೊಂದು ಪ್ರಬಂಧ ಮಾತ್ರ ಇರಲಿ, ಆದರೆ ಎರಡು ಕರಡಿನದಾಗಿರಲಿ. ಆಪ್ತಸಮಾಲೋಚಕರು ವರ್ಷಕ್ಕೊಮ್ಮೆ ಭಾಷಣ ಮಾಡಿ ಹೋಗುವ ಬದಲು ಪ್ರತಿ ಶಾಲೆಗೂ ಗೊತ್ತಾದ ದಿನ ಬರಲಿ. ಇವಾವುದಕ್ಕೂ ಹೊಸ ಕಾಯ್ದೆ ಬೇಕಿಲ್ಲ. ಈ ಕ್ರಮ ತಲೆಕೆಳಗಾಗಬಾರದು ಎಂಬುದಷ್ಟೇ ಎಚ್ಚರಿಕೆ. ಓದುವ ಸಮಯವನ್ನೂ ತರಬೇತಿಯನ್ನೂ ಶಿಕ್ಷಕರಿಗೆ ಕೊಡದೆ ಮಕ್ಕಳಿಗೆ ಮನಸ್ಸು ಬಿಚ್ಚಿ ಬರೆಯಿರಿ ಎಂದು ಹೇಳುವ ಶಾಲೆ, ಬರೆಯಲೇಬೇಡಿ ಎನ್ನುವ ಶಾಲೆಗಿಂತ ಹೆಚ್ಚು ಕ್ರೂರಿ.